ಸುದ್ದಿ ಒಯ್ಯುವ ಸುಬೇದಾರರು

ಈರಪ್ಪ ಕಾಕಾ ಎದುರಿಗೆ ಬಂದರೆ ಹುಬ್ಬಳ್ಳಿ-ಧಾರವಾಡದ ಸೈನಿಕರ ಮನೆಯ ಹೆಂಗಸರು ಮೊದಲು ಅವರ ತಲೆ ನೋಡುತ್ತಿದ್ದರು, ಆಮೇಲೆ ಮುಖ. ತಲೆ ಬರಿದಾಗಿದ್ದರೆ ಚಹಾ ಕುಡಿದು ಹೋಗಿರೆಂದು ಉಪಚಾರ ಮಾಡುತ್ತಿದ್ದರು. ಪಲ್ಟನ್ನಿನ ಹಸಿರು ಟೋಪಿ ಇದ್ದರೆ ಹಿಡಿದ ಕೊಡ ಹಿಡಿದಲ್ಲೇ ಉಳಿಯುತ್ತಿತ್ತು. ಧ್ವಜ ಏರಿಸುವ ದಿನಗಳನ್ನು ಬಿಟ್ಟರೆ ಅವರು ಆ ಟೋಪಿ ಹಾಕುತ್ತಿದ್ದುದು ಒಂದೇ ಕೆಲಸಕ್ಕೆ. ಯಾವುದೋ ಮನೆಯ ಮಗ ಗಡಿಯಲ್ಲಿ ತೀರಿಕೊಂಡನೆಂದು ಆ ಮನೆಯವರಿಗೆ ಹೇಳಿಬರುವ ಕೆಲಸ ಅದು.

ಸುಬೇದಾರರಾಗಿ ನಿವೃತ್ತರಾಗಿದ್ದ ಕಾಕಾ ನಮ್ಮ ಮಾಜಿ ಸೈನಿಕರ ಸಂಘದ ಕಾರ್ಯದರ್ಶಿ. ಸಂಘ ಎಂದರೆ ದೊಡ್ಡ ಕಟ್ಟಡ ಎಂದುಕೊಳ್ಳಬೇಡಿ. ಕಮರಿಪೇಟೆಯಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಒಂದು ಖೋಲಿ, ಅಷ್ಟೇ. ಕೆಳಗೆ ಗಿರಣಿ ಶುರುವಾದರೆ ಮೇಲೆ ಗೋಡೆಯ ಫೋಟೋಗಳೆಲ್ಲ ನಡುಗುತ್ತಿದ್ದವು. ಬರ್ಮಾದ ಕಾಡಿನಲ್ಲಿ ಕಾದಿದ ಹಿರಿಯರಿಂದ ಹಿಡಿದು ಶ್ರೀಲಂಕಾಕ್ಕೆ ಹೋಗಿ ಬಾರದೆ ಉಳಿದ ಹುಡುಗರ ತನಕ ಎಲ್ಲರ ಮುಖದ ಮೇಲೂ ಜೋಳದ ಹಿಟ್ಟಿನ ತೆಳುವಾದ ಪದರ ಕೂತಿರುತ್ತಿತ್ತು. ಕಾಕಾ ಬೆಳಿಗ್ಗೆ ಬಂದವರೇ ಮೊದಲು ಅದನ್ನು ಒರೆಸುತ್ತಿದ್ದರು. ಆಮೇಲೆ ಪಿಂಚಣಿ ಸಿಗದ ವಿಧವೆಯರ ಅಹವಾಲು, ಆಸ್ಪತ್ರೆಗೆ ಹೋಗಬೇಕಾದ ಮುದುಕರ ವ್ಯವಸ್ಥೆ. ಎತ್ತರದ ಆಳು, ಕಡ್ಡಿಯಂಥ ಮೈ, ಮಾತು ಕಡಿಮೆ, ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ. ನಾನು ಸೈನ್ಯ ಬಿಟ್ಟು ಬಂದು ಹತ್ತಿ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಗುಮಾಸ್ತನಾಗಿದ್ದೆ. ಸಂಘದಲ್ಲಿ ಸ್ಕೂಟರ್ ಇದ್ದವನು ನಾನೊಬ್ಬನೇ ಆದ್ದರಿಂದ ಕಾಕಾ ನನ್ನನ್ನು ಹಿಡಿದುಕೊಂಡರು. ಹಿಂದಿನ ಸೀಟಿನಲ್ಲಿ ಏನನ್ನೂ ಹಿಡಿಯದೆ ಕವಾಯತಿಗೆ ನಿಂತವರಂತೆ ನೆಟ್ಟಗೆ ಕೂಡುತ್ತಿದ್ದರು. ನಾನು ಗೇರ್ ಬದಲಿಸುವುದನ್ನು ನೋಡಿ ಎತ್ತಿನ ಬಾಲ ತಿರುವಿದಂತೆ ಇದೆ ಎಂದು ಗೊಣಗುತ್ತಿದ್ದರು.

ಸುದ್ದಿ ಒಯ್ಯುವ ಈ ಕೆಲಸ ಸಂಘಕ್ಕೆ ಹೇಗೆ ಬಂತು ಎಂಬುದನ್ನು ಅವರು ನನಗೆ ಒಮ್ಮೆ ಮಾತ್ರ ಹೇಳಿದ್ದರು. ಎಪ್ಪತ್ತೊಂದರ ಯುದ್ಧದಲ್ಲಿ ಅವರ ಜೊತೆಗಾರನೊಬ್ಬ ಸತ್ತ. ಊರಿನಲ್ಲಿದ್ದ ಅವನ ತಾಯಿಗೆ ತಂತಿ ಬಂತು. ಓದು ಬಾರದ ಆಕೆ, ಮಗ ರಜೆಯ ಮೇಲೆ ಬರುತ್ತಾನೆಂದು ತಿಳಿದು, ನಗುನಗುತ್ತಲೇ ಕಿರಾಣಿ ಅಂಗಡಿಗೆ ಹೋಗಿ ಓದಿಸಿದಳು. ಅಂಗಡಿಯವನು ಗಿರಾಕಿಗಳ ನಡುವೆ ನಿಂತು ಗಟ್ಟಿಯಾಗಿ ಓದಿಬಿಟ್ಟ. ರಜೆಗೆ ಬಂದಾಗ ಇದನ್ನು ಕೇಳಿದ ಕಾಕಾ ಆ ಅಂಗಡಿಯ ಕಟ್ಟೆಯನ್ನು ಮುಂದೆಂದೂ ಹತ್ತಲಿಲ್ಲ. ನಿವೃತ್ತರಾಗಿ ಸಂಘ ಸೇರಿದ ಮೇಲೆ ಸೈನ್ಯದ ದಾಖಲೆ ಕಚೇರಿಯವರ ಬೆನ್ನು ಬಿದ್ದು, ತಂತಿ ಮನೆ ಮುಟ್ಟುವ ಮೊದಲು ಸಂಘಕ್ಕೊಂದು ಫೋನ್ ಬರುವಂತೆ ಮಾಡಿಕೊಂಡರು. ಅದು ಯಾವ ಕಾಯಿದೆಯಲ್ಲೂ ಇರಲಿಲ್ಲ, ಕಾಕಾನ ಹಟದಿಂದ ನಡೆಯುತ್ತಿತ್ತು.

ಆ ಕೆಲಸಕ್ಕೆ ಅವರದೇ ಕಟ್ಟುನಿಟ್ಟು ಇತ್ತು. ಇಬ್ಬರೇ ಹೋಗಬೇಕು, ಟೋಪಿ ಹಾಕಿರಬೇಕು, ಬೂಟು ಹೊಳೆಯಬೇಕು. ಮೊದಲ ಮಾತಿನಲ್ಲೇ ಪೂರಾ ಸುದ್ದಿ ಹೇಳಬೇಕು. ಸೀರಿಯಸ್ ಇದ್ದಾನೆ, ಆಸ್ಪತ್ರೆಯಲ್ಲಿದ್ದಾನೆ ಎಂದು ಎಳೆಯಬಾರದು. ನಾನು ಮೊದಲ ಸಲ ಹಾಗೆ ಎಳೆಯಹೋದಾಗ ಹೊರಗೆ ಕರೆದು ಹೇಳಿದ್ದರು:

"ಅರ್ಧಾ ಸುದ್ದಿ ಹೇಳಿದ್ರ ಆ ತಾಯಿ ಎರಡ ಸಲ ಅಳಬೇಕಾಗ್ತೈತಿ ತಮ್ಮಾ. ನಿನ್ನ ಬಾಯಿಗೆ ಹಗರ ಆಗ್ಲಿ ಅಂತ ಆಕೀನ್ನ ಎರಡ ಸಲ ಅಳಸಬ್ಯಾಡ."

ಇನ್ನೊಂದು ಕಟ್ಟಳೆ ಎಲ್ಲಕ್ಕಿಂತ ಬಿಗಿಯಾದದ್ದು. ಫೋನ್ ತೆಗೆದುಕೊಂಡವನು ಸತ್ತವನ ಹೆಸರನ್ನು ಖೋಲಿಯಲ್ಲಿ ಬಾಯಿಬಿಡುವಂತಿಲ್ಲ, ಜೊತೆಗೆ ಹೊರಟವನಿಗೂ ಆ ಮನೆಯ ಬಾಗಿಲು ಮುಟ್ಟುವ ತನಕ ಹೇಳುವಂತಿಲ್ಲ. ಹಿಂದೊಮ್ಮೆ ಹೆಸರು ಆಡಿದ್ದನ್ನು ಗಿರಣಿಗೆ ಬಂದವರಾರೋ ಕೇಳಿಸಿಕೊಂಡು, ಇವರು ಹೋಗುವಷ್ಟರಲ್ಲಿ ಆ ಮನೆಯ ಮುಂದೆ ಜನ ನೆರೆದುಬಿಟ್ಟಿದ್ದರಂತೆ. ಹಾಗಾಗಿ ಯಾವಾಗಲೂ ಫೋನ್ ಕಾಕಾ ತೆಗೆದುಕೊಳ್ಳುತ್ತಿದ್ದರು. ನಾನು ಗಾಡಿ ಹೊಡೆಯುತ್ತಿದ್ದೆ. ಹಿಂದಿನಿಂದ ಅವರು ಎಡಕ್ಕೆ, ಬಲಕ್ಕೆ ಎನ್ನುತ್ತಿದ್ದರು. ಗಾಡಿ ನಿಂತಲ್ಲಿ ನನಗೆ ಗೊತ್ತಾಗುತ್ತಿತ್ತು, ಇದು ಯಾರ ಮನೆ ಎಂದು.

ಇಷ್ಟೆಲ್ಲ ಬಿಗಿ ಇದ್ದೂ ನಾವು ಒಮ್ಮೆ ಭಾರಿ ಎಡವಟ್ಟು ಮಾಡಿಕೊಂಡೆವು. ಕೆಲಗೇರಿಯ ನೀಲವ್ವನ ಮಗನಿಗೆ ಶೌರ್ಯದ ಪದಕ ಬಂದಿತ್ತು. ಇಂಥ ಸುದ್ದಿಯನ್ನು ಶಿಸ್ತಿನಿಂದ ಹೇಳಬೇಕೆಂದು ಕಾಕಾ ಟೋಪಿ ಹಾಕಿದರು, ನನಗೂ ಹಾಕಿಸಿದರು. ಅಂಗಳದಲ್ಲಿ ಕಾಳು ಹಸನು ಮಾಡುತ್ತಿದ್ದ ಮುದುಕಿ ನಮ್ಮಿಬ್ಬರನ್ನು ನೋಡಿದ್ದೇ ತಡ, ಮೊರ ಎಸೆದು ನೆಲಕ್ಕೆ ಬಿದ್ದು ಎದೆ ಬಡಿದುಕೊಂಡಳು. ಓಣಿಗೆ ಓಣಿಯೇ ಓಡಿಬಂತು. ಮಗ ಚೆನ್ನಾಗಿದ್ದಾನೆ, ಪದಕ ಬಂದಿದೆ ಎಂದು ಕಾಕಾ ಕೂಗಿ ಕೂಗಿ ಹೇಳಿದರೂ ಆಕೆ ನಂಬಲೊಲ್ಲಳು. ಸತ್ತವರಿಗೇ ಅಲ್ಲವೇ ಪದಕ ಕೊಡುವುದು ಎಂಬುದು ಆಕೆಯ ವಾದ. ಕೊನೆಗೆ ಮಗನ ದನಿಯನ್ನು ಫೋನಿನಲ್ಲಿ ಕೇಳಿಸಿದ ಮೇಲೆಯೇ ಮುದುಕಿ ಊಟ ಮಾಡಿದ್ದು. ಅಂದಿನಿಂದ ಒಳ್ಳೆಯ ಸುದ್ದಿ ಇದ್ದರೆ ಕಾಕಾ ಒಬ್ಬರೇ, ಬರಿದಲೆಯಲ್ಲಿ, ಪೇಡೆಯ ಪೊಟ್ಟಣವನ್ನು ದೂರದಿಂದಲೇ ಕಾಣುವಂತೆ ಎತ್ತಿ ಹಿಡಿದುಕೊಂಡು ಹೋಗುತ್ತಿದ್ದರು.

ಕಾರ್ಗಿಲ್ ಯುದ್ಧದ ವರ್ಷ ಬಂತು. ಸಂಘಕ್ಕೆ ಸೇರಿದ ಮೂರು ಮನೆಗಳ ಹುಡುಗರು ಆ ಗುಡ್ಡಗಳ ಮೇಲಿದ್ದರು. ಉಣಕಲ್ಲಿನ ಒಬ್ಬ, ಕೆಲಗೇರಿಯ ನೀಲವ್ವನ ಮಗ, ಮತ್ತು ನವನಗರದಲ್ಲಿ ಮನೆ ಮಾಡಿದ್ದ ಕಾಕಾನ ಒಬ್ಬನೇ ಮಗ ಮಲ್ಲಿಕಾರ್ಜುನ. ಕಾಕಾ ಫೋನಿನ ಪಕ್ಕದ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಅದು ರಿಂಗಾದರೆ ಖೋಲಿಯಲ್ಲಿದ್ದವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಅತ್ತ ತಿರುಗುತ್ತಿದ್ದರು. ಸುಮ್ಮನೆ ವಿಚಾರಿಸಲು ಮಾಡಿದ ಕರೆ ಎಂದು ತಿಳಿದಾಗ ಒಬ್ಬರ ಮುಖ ಒಬ್ಬರು ನೋಡದೆ ಚಹಾ ಹೇಳುತ್ತಿದ್ದೆವು. ಮಗನ ವಿಷಯ ಕೇಳಿದರೆ ಕಾಕಾ ಮಾತು ತಿರುಗಿಸುತ್ತಿದ್ದರು. ಅವರಿಗೆ ಹೆದರಿಕೆ ಇತ್ತು. ಅದನ್ನು ನಾನು ಅವರ ಕೈಯಲ್ಲಿ ನೋಡಿದ್ದೇನೆ, ಫೋನ್ ಎತ್ತುವ ಮುಂಚೆ ಅಂಗೈಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತಿದ್ದರು.

ಮಳೆ ಹಿಡಿದಿದ್ದ ಒಂದು ಮುಂಜಾನೆ ಅವರು ಬರುವುದು ತಡವಾಯಿತು. ಸೈಕಲ್ಲಿನ ಚೈನು ಕಳಚಿತ್ತಂತೆ. ಅಷ್ಟರಲ್ಲಿ ಫೋನ್ ಬಂತು, ನಾನು ತೆಗೆದುಕೊಂಡೆ. ಆ ಕಡೆಯವರು ಹೆಸರು ಹೇಳಿದರು. ಇನ್ನೊಮ್ಮೆ ಹೇಳಿರೆಂದೆ, ಅದೇ ಹೆಸರು ಹೇಳಿದರು. ತಂದೆಯ ಹೆಸರನ್ನೂ ಹೇಳಿದರು.

ಫೋನ್ ಇಡುವಾಗ ಕಾಕಾ ಬಾಗಿಲಲ್ಲಿ ನಿಂತಿದ್ದರು. ನನ್ನ ಮುಖ ನೋಡಿದರು. ಅವರದೇ ಕಟ್ಟಳೆ, ಹೆಸರು ಕೇಳುವಂತಿರಲಿಲ್ಲ, ಕೇಳಲಿಲ್ಲ. ಕಪಾಟಿನಿಂದ ಎರಡೂ ಟೋಪಿ ತೆಗೆದು ಒಂದನ್ನು ನನಗೆ ಕೊಟ್ಟರು. ಕೆಸರಾಗಿದ್ದ ಬೂಟನ್ನು ಅರಿವೆಯಿಂದ ಒರೆಸಿದರು. ಅಲ್ಲೇ ಹೇಳಿಬಿಡಬೇಕೆಂದು ನಾನು ಬಾಯಿ ತೆರೆದೆ. ಗೋಡೆಗೆ ಒರಗಿ ಇನ್ನಿಬ್ಬರು ಸದಸ್ಯರು ಕೂತಿದ್ದರು, ಕೆಳಗೆ ಗಿರಣಿಯ ಮುಂದೆ ಜನರ ಪಾಳಿ ನಿಂತಿತ್ತು. ಕಾಕಾ ಬೆರಳೆತ್ತಿ ನನ್ನನ್ನು ತಡೆದು ಮೆಟ್ಟಿಲು ಇಳಿದರು.

ಆವತ್ತು ಹಿಂದಿನಿಂದ ಎಡಕ್ಕೆ, ಬಲಕ್ಕೆ ಎನ್ನುವವರು ಇರಲಿಲ್ಲ. ನಾನು ಹೋದತ್ತ ಗಾಡಿ. ಹೊಸೂರು ದಾಟಿ ಧಾರವಾಡದ ರಸ್ತೆ ಹಿಡಿದೆ. ವಿದ್ಯಾನಗರ ಹೋಯಿತು. ಉಣಕಲ್ ಹತ್ತಿರವಾದಂತೆ, ಎಂದೂ ನನ್ನನ್ನು ಮುಟ್ಟದೆ ಕೂಡುವ ಕಾಕಾ ನನ್ನ ಹೆಗಲು ಹಿಡಿದರು. ಗಾಡಿ ಉಣಕಲ್ ಕೆರೆಯನ್ನೂ ದಾಟಿತು. ಹಾಗಾದರೆ ಉಣಕಲ್ಲಿನ ಹುಡುಗ ಅಲ್ಲ. ಇನ್ನು ಉಳಿದವು ಎರಡು ಮನೆ. ನವನಗರದಲ್ಲಿ ತಿರುಗದೆ ನೇರ ಹೋದರೆ ಧಾರವಾಡ, ಅದರಾಚೆ ಕೆಲಗೇರಿ.

"ನೀಲವ್ವ ಈ ಸಲ ತಡಕೊಳ್ಳೂದಿಲ್ಲ ತಮ್ಮಾ" ಎಂದರು ಹಿಂದಿನಿಂದ. ನಾನು ರಸ್ತೆಯ ಮೇಲೆ ಕಣ್ಣು ನೆಟ್ಟು ಗಾಡಿ ಹೊಡೆದೆ. ಮಳೆಹನಿ ಕಣ್ಣಿಗೆ ಹೊಡೆಯುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಅವರು ಮತ್ತೆ, ಜೋರಾಗಿ ಹೋಗು ಎಂದರು. ನವನಗರದ ತಿರುವು ಬಂತು. ನಾನು ಗಾಡಿ ನಿಧಾನ ಮಾಡಿದೆ. ಹೆಗಲ ಮೇಲಿನ ಕೈ ಬಿಗಿಯಾಯಿತು. ನಾನು ತಿರುಗಿಸಿದೆ.

"ನಿಂದ್ರಸು" ಎಂದರು.

ಇಳಿದು ರಸ್ತೆಯ ಬದಿ ನಿಂತರು. ನಾನು ಗಾಡಿಯ ಮೇಲೆಯೇ ಇದ್ದೆ, ತಿರುಗಿ ನೋಡುವ ಧೈರ್ಯ ಬರಲಿಲ್ಲ.

"ಪೂರಾ ಐತೇನು ಸುದ್ದಿ?"

"ಪೂರಾ ಐತ್ರಿ ಕಾಕಾ."

ಅವರು ಕೆಳಗೆ ಕೂಡಬಹುದು, ಕೂಗಬಹುದು ಎಂದು ಕಾದೆ. ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಇಲ್ಲಿಂದ ನಡೆದು ಹೋಗೋಣ, ಗಾಡಿಯ ಸದ್ದು ಕೇಳಿದರೆ ಅವಳು ಗಾಬರಿಯಾಗುತ್ತಾಳೆ ಎಂದರು. ಅವರ ಹೆಂಡತಿ ಗಂಗವ್ವ ಕಾಕುವಿಗೆ ರಕ್ತದೊತ್ತಡ ಇತ್ತು. ಹೇಗೆ ಹೇಳಲಿ ಎಂದು ದಾರಿಯುದ್ದಕ್ಕೂ ತಮಗೆ ತಾವೇ ಮೆಲ್ಲಗೆ ಮಾತಾಡಿಕೊಳ್ಳುತ್ತಿದ್ದರು. ಎಷ್ಟೋ ಅಂಗಳದಲ್ಲಿ ನಿಂತು ಒಂದೇ ಉಸಿರಿಗೆ ಹೇಳಿ ಮುಗಿಸಿದ ಮನುಷ್ಯನಿಗೆ ಆವತ್ತು ಮೊದಲ ಶಬ್ದವೇ ಸಿಗುತ್ತಿರಲಿಲ್ಲ.

ಕಾಕು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು. ಆ ಹೊತ್ತಿನಲ್ಲಿ ಅವರು ಹಾಗೆ ಕೈಕಟ್ಟಿ ಕೂತದ್ದನ್ನು ನಾನೆಂದೂ ಕಂಡಿರಲಿಲ್ಲ. ಗೇಟು ತೆಗೆದ ಸದ್ದಿಗೆ ಎದ್ದು ನಿಂತರು. ಟೋಪಿ ನೋಡಿದರು, ಅಳಲಿಲ್ಲ. ಕಾಕಾ ಅಟೆನ್ಷನ್ನಿನಲ್ಲಿ ನಿಂತರು, ಬಾಯಿ ತೆರೆದರು.

"ಏನೂ ಹೇಳಬ್ಯಾಡ್ರಿ" ಎಂದರು ಕಾಕು. "ಬಾಜೂ ಮನಿ ಫೋನಿಗೆ ಅವನ ದೋಸ್ತ ಮಾಡಿದ್ದಾ. ನನಗ ಗೊತ್ತಾಗೇತಿ. ನಿಮಗ ಹೆಂಗ ಹೇಳ್ಲಿ ಅಂತ ಅವಾಗಿಂದ ಕುಂತೇನಿ."

ಸಮಾಧಾನಕ್ಕೆ ಬಂದ ಓಣಿಯ ಹೆಂಗಸರನ್ನೆಲ್ಲ ಅವರು ಮನೆಗೆ ಕಳಿಸಿದ್ದರು. ಗಂಡ ದೂರದಿಂದ ಮಂದಿಯನ್ನು ನೋಡಿ ತಿಳಿದುಕೊಳ್ಳಬಾರದು, ತಮ್ಮ ಬಾಯಿಂದಲೇ ತಿಳಿಯಬೇಕು ಎಂದು ಒಬ್ಬರೇ ಕೂತಿದ್ದರು. ಕಾಕಾ ಟೋಪಿ ತೆಗೆದರು. ಕಾಕು ಅವರ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಆಮೇಲೆ ಒಳಗಿನಿಂದ ಬಂದ ಅಳುವಿನ ದನಿ ಕಾಕಾನದು. ನಾನು ಗೇಟಿನ ಹತ್ತಿರ ನಿಂತು ಅತ್ತೆ.

ನೀಲವ್ವನ ಮಗ ಜೀವಂತ ಮರಳಿದ. ಮುದುಕಿ ಅವನನ್ನು ನವನಗರದ ಕಡೆಗೆ ಕರೆತರಲಿಲ್ಲ. ಮಗನನ್ನು ಕಳೆದುಕೊಂಡವರ ಮುಂದೆ ಮಗನನ್ನು ಹೇಗೆ ನಿಲ್ಲಿಸಲಿ ಎಂಬ ಸಂಕೋಚ. ಕಾಕಾನೇ ಹೋಗಿ ಹುಡುಗನ ಬೆನ್ನು ತಟ್ಟಿ, ಅಲ್ಲೇ ರೊಟ್ಟಿ ಊಟ ಮಾಡಿ ಬಂದರು. ಸಂಘದ ಕೆಲಸವನ್ನೂ ಬಿಡಲಿಲ್ಲ. ಆದರೆ ಸುದ್ದಿ ಒಯ್ಯುವಾಗ ಕಾಕುವೂ ಜೊತೆಗೆ ಬರತೊಡಗಿದರು. ನನ್ನ ಸ್ಕೂಟರ್ ಬಿಟ್ಟು ರಿಕ್ಷಾ ಮಾಡಿದೆವು. ಕಾಕಾ ಅಂಗಳದಲ್ಲಿ ಹೇಳಬೇಕಾದ್ದನ್ನು ಹೇಳುತ್ತಿದ್ದರು, ಕಾಕು ಒಳಗೆ ಹೋಗಿ ಆ ಮನೆಯ ಹೆಣ್ಣುಮಗಳ ಪಕ್ಕ ಕೂಡುತ್ತಿದ್ದರು. ಊರಲ್ಲಿ ಮೊಬೈಲು ಹೆಚ್ಚಾಗಿ ಸುದ್ದಿ ನಮಗಿಂತ ಮುಂಚೆ ಓಡತೊಡಗಿದ ಮೇಲೂ ಅವರಿಬ್ಬರೂ ಹೋಗುವುದನ್ನು ನಿಲ್ಲಿಸಲಿಲ್ಲ.

ಕಾಕಾ ತೀರಿಕೊಂಡದ್ದು ಯುದ್ಧವಾಗಿ ಎಷ್ಟೋ ವರ್ಷಗಳ ಮೇಲೆ, ನವನಗರದ ಮನೆಯಲ್ಲಿ, ಬೆಳಗಿನ ಚಹಾದ ಹೊತ್ತಿನಲ್ಲಿ. ಹಿಂದಿನ ಸಂಜೆಯಷ್ಟೇ ನಾನು ನೋಡಿ ಬಂದಿದ್ದೆ. ಸಂಘದ ಖೋಲಿಯ ಫೋಟೋ ಒರೆಸಿದಿರೋ ಇಲ್ಲವೋ ಎಂದು ಬೈದು ಕಳಿಸಿದ್ದರು. ನಾನು ತಲುಪಿದಾಗ ಅವರ ತಲೆ ಇನ್ನೂ ಕಾಕುವಿನ ತೊಡೆಯ ಮೇಲಿತ್ತು. ಕಾಕು ಅವರ ಹಣೆಯ ಮೇಲಿನ ಕೂದಲು ಸರಿಸುತ್ತಾ ಹೇಳಿದರು:

"ಕೈಯಾಗ ಕೈ ಇಟ್ಟ ಹ್ವಾದ್ರು ತಮ್ಮಾ. ಇವರ ಸುದ್ದಿ ನನಗ ಯಾರೂ ತರಬೇಕಾಗ್ಲಿಲ್ಲ."