ಒಂಟಿ ಹೆಂಗಸಿನ ದೊಡ್ಡ ಮಡಕೆ

ಮಡಕೆ ಮಾರುವವಳಿಗೆ ಯಾರ ಮನೆಯ ಗುಟ್ಟೂ ಗುಟ್ಟಲ್ಲ. ನರಿಮೊಗರಿನಲ್ಲಿ ಒಬ್ಬಳೇ ಇದ್ದ ಕೊಂಕಣಿ ವಿಧವೆ ರುಕ್ಮಾಬಾಯಿ ದೊಡ್ಡ ಗಂಜಿ ಮಡಕೆ ಕೇಳಿದಾಗಲೇ ನನಗೆ ಗೊತ್ತಾಯಿತು, ಒಳಗೆ ಗಂಡಸು ಉಂಟು ಅಂತ. ಸಂಜೆಯೊಳಗೆ ಊರಿಗೂ ಗೊತ್ತಾಯಿತು. ಹೇಳದಿದ್ದರೆ ನನಗೆ ಉಂಡದ್ದು ಇಳಿಯುದಿಲ್ಲ.

ಆಗ ಗೋವೆಯಲ್ಲಿ ಇನ್ನೂ ಪೋರ್ಚುಗೀಸರ ಆಳ್ವಿಕೆ. ಅವರ ಮೇಲೆ ಬಂದೂಕು ಎತ್ತಿದವರು ಓಡಿ ಬಂದು ನಮ್ಮ ಕಡೆ ಅಡಗುತ್ತಿದ್ದರು. ನಮ್ಮ ಸರಕಾರ ಅವರನ್ನು ಹೊಗಳುತ್ತಲೂ ಇತ್ತು, ಬಂದೂಕು ಹಿಡಿದದ್ದಕ್ಕೆ ಹುಡುಕುತ್ತಲೂ ಇತ್ತು.

ಒಂದು ದಿನ ನಾನು ಅವಳ ಜಗಲಿಯಲ್ಲಿ ಮಡಕೆ ಇಳಿಸುವಾಗ ಪೊಲೀಸ್ ದಫೇದಾರ ಬಂದ. ರುಕ್ಮಾಬಾಯಿ ಬೆಲ್ಲ ನೀರು ಕೊಟ್ಟಳು.

"ಗೋವೆಯವನೊಬ್ಬ ಇಲ್ಲಿದ್ದಾನಂತೆ. ಸಿಕ್ಕಿದರೆ ಜೈಲು," ಅಂದ.

ಅವಳ ಮುಖ ಬಿಳುಚಿತು. ಒಳಗಿದ್ದವನು ಯಾರು ಅಂತ ನನಗೂ ಆಗಲೇ ಹೊಳೆದದ್ದು. ಅವಳು ನನ್ನತ್ತ ಕೈ ತೋರಿಸಿ, "ಇವಳನ್ನೇ ಕೇಳಿ. ಊರಿಗೆಲ್ಲ ಹೇಳಿದವಳು ಇವಳೇ," ಅಂದಳು.

"ಎಂತ ಗೋವೆ ಮಾರಾಯ್ರೆ! ಇವಳು ಇಟ್ಟುಕೊಂಡವನು. ಇಲ್ಲೇ ಕಡಬದವನು," ಅಂದೆ.

ಒಳಗೆ ಯಾರೋ ಕೆಮ್ಮಿದರು. ದಫೇದಾರ ಬಾಗಿಲ ಕಡೆ ನೋಡಲೇ ಇಲ್ಲ. ಬೆಲ್ಲ ಕಚ್ಚಿ ನೀರು ಕುಡಿದು, "ಹಾಗಾದರೆ ಅದು ಸರಕಾರದ ವಿಷಯ ಅಲ್ಲ," ಅಂತ ಎದ್ದು ಹೋದ.

ಗೋವೆಗೆ ಬಿಡುಗಡೆ ಆಯಿತು, ಅಡಗಿದ್ದವನು ತನ್ನ ಊರಿಗೆ ಹೋದ. ಆಮೇಲೆ ನಾನೇ ಮನೆಮನೆಗೆ ಹೋಗಿ, ಅವಳು ಅವನಿಗೆ ಅನ್ನ ಹಾಕಿದ್ದು ಮಾತ್ರ ಅಂತ ಹೇಳಿದೆ. ಒಬ್ಬರೂ ನಂಬಲಿಲ್ಲ. ನನ್ನ ಬಾಯಿಂದ ಇಷ್ಟು ಸಪ್ಪೆ ಸುದ್ದಿ ಅವರು ಕೇಳಿದ್ದೇ ಇಲ್ಲವಂತೆ.