ತುಳಿಯಬಾರದ ತೋಟ

ಬೆಳಕು ಇನ್ನೂ ಅರೆಬರೆ. ರಾತ್ರಿಯಿಡೀ ಸುರಿದ ಮಳೆ ಈಗಷ್ಟೇ ನಿಂತಿದೆ. ಗ್ಯಾರೇಜಿನ ಎದುರು, ರಸ್ತೆಯ ಅಂಚಿನ ತಗ್ಗಿಗೆ ಅಡ್ಡಲಾಗಿ ಹಾಕಿದ ಹಲಗೆಯ ಮೇಲೆ ಹೆಂಗಸೊಬ್ಬರು ಕುಕ್ಕರಗಾಲಲ್ಲಿ ಕೂತು ಕೋಲು ಇಳಿಬಿಡುತ್ತಿದ್ದಾರೆ. ಒಂದು ಗೇಣು ನೀರಿದೆ. ಅವರ ಮುಖ ಚಿಕ್ಕದಾಗುತ್ತದೆ.

"ಏನಕ್ಕಾ, ಸೊಳ್ಳೆ ಸಾಕಣೆ ಹೇಗೆ ನಡೀತಿದೆ?" ಶಟರ್ ಎತ್ತುತ್ತಾ ಗ್ಯಾರೇಜಿನ ಮೇಸ್ತ್ರಿ ಕೇಳುತ್ತಾರೆ.

"ನಿನ್ನ ಬಾಯಿಗೆ ಒಂದು ಹಿಡಿ ಮರಳು ಹಾಕ! ಸಂಜೆವರೆಗೂ ಟೈಮಿದೆ, ಸುಮ್ನಿರಪ್ಪ."

ಬೀದಿಯವರ ಬಾಯಲ್ಲಿ ಇವರು ತಗ್ಗಿನಕ್ಕ. ನೋಡಿಕೊಳ್ಳುವುದು ಬೀದಿಯ ಮಳೆನೀರು ಇಂಗಲೆಂದು ಈ ತಗ್ಗಿನಲ್ಲಿ ಗಿಡ ನೆಟ್ಟು ಮಾಡಿದ ಮಳೆತೋಟವನ್ನು. ಮೊದಲೆಲ್ಲ ಈ ಬೀದಿಯ ನೀರು ಗ್ಯಾರೇಜಿನ ಎಣ್ಣೆ, ಟೈರಿನ ಕರಿಪುಡಿ, ಸಿಗರೇಟಿನ ತುಂಡು ಎಲ್ಲವನ್ನೂ ಹೊತ್ತು ಚರಂಡಿ ಹಿಡಿದು ನೇರ ಕೆರೆಗೆ ಬೀಳುತ್ತಿತ್ತು. ಈಗ ಮೊದಲು ಈ ತಗ್ಗಿಗೆ ಇಳಿಯುತ್ತದೆ. ಗಿಡಗಳ ಬೇರು, ಸಡಿಲ ಮಣ್ಣು, ಮರಳು ದಾಟುವಷ್ಟರಲ್ಲಿ ಕೊಳೆಯ ಬಹುಪಾಲು ಮೇಲೆಯೇ ಉಳಿಯುತ್ತದೆ.

ಆದರೆ ನೀರು ಮಣ್ಣಿನೊಳಗೆ ಇಂಗಿದರೆ ತಾನೇ? ಹೋದ ಮಳೆಗಾಲದಲ್ಲಿ ಇಂಗಲೇ ಇಲ್ಲ. ವಾರಗಟ್ಟಲೆ ನಿಂತು ಪಾಚಿಗಟ್ಟಿತು. ಮೇಸ್ತ್ರಿಯ ಮೊಮ್ಮಗಳ ಕೆನ್ನೆ ತುಂಬ ಸೊಳ್ಳೆ ಕಚ್ಚಿದ ಗುರುತು. ಬೀದಿಯವರು ಕಡ್ಡಿ ಮುರಿದಂತೆ ಹೇಳಿದರು: ಈ ಸಲ ಮೊದಲ ದೊಡ್ಡ ಮಳೆಯ ನೀರು ಒಂದು ಹಗಲಲ್ಲಿ ಇಂಗದಿದ್ದರೆ ತಗ್ಗಿಗೆ ಕಾಂಕ್ರೀಟು, ಅದರ ಮೇಲೆ ಕಾರು.

ತಪ್ಪು ಗಿಡಗಳದ್ದಲ್ಲ, ಹಿಮ್ಮಡಿಯದ್ದು. ತಗ್ಗಿನಕ್ಕ ಬೆಳೆದದ್ದು ತಾಯಿಯ ನರ್ಸರಿಯಲ್ಲಿ. ಸಸಿ ನೆಟ್ಟರೆ ಸುತ್ತಲ ಮಣ್ಣನ್ನು ಗಟ್ಟಿಯಾಗಿ ತುಳಿಯಬೇಕು ಎಂಬುದು ಅಲ್ಲಿನ ಮೊದಲ ಪಾಠ. ಇಲ್ಲೂ ತುಳಿದರು, ಮನಸಾರೆ ತುಳಿದರು. ಮಣ್ಣು ಗಟ್ಟಿಯಾಗಿ, ತೋಟ ಹನಿ ಸೋರದ ಬಾಣಲೆಯಾಯಿತು.

"ಕೈ ಕಲಿತದ್ದನ್ನ ಬಿಡಿಸಬಹುದು, ಕಾಲು ಕಲಿತದ್ದು ಬಿಡಲ್ಲ," ಎಂದು ನಗುತ್ತಾರೆ. ಬೇಸಿಗೆಯಲ್ಲಿ ಗಿಡಗಳನ್ನೆಲ್ಲ ಕಿತ್ತು, ತಳದವರೆಗೆ ಅಗೆದು, ಮರಳು ಬೆರೆಸಿ ಮತ್ತೆ ನೆಟ್ಟಿದ್ದಾರೆ. ಅಂದಿನಿಂದ ಒಳಗೆ ಕಾಲಿಟ್ಟಿಲ್ಲ. ಕಳೆ ಕೀಳುವುದು, ಕಸ ಹೆಕ್ಕುವುದು ಎಲ್ಲ ಹಲಗೆಯ ಮೇಲಿಂದಲೇ. "ನನ್ನ ಮದುವೆ ದಿನಾನೂ ಇಷ್ಟು ಹುಷಾರಾಗಿ ಕೂತಿರ್ಲಿಲ್ಲ."

ಮಧ್ಯಾಹ್ನ ಮತ್ತೆ ಕೋಲು ಇಳಿಯುತ್ತದೆ. ನಾಲ್ಕು ಬೆರಳು ನೀರು. ಟೀ ಹಿಡಿದು ಬಂದ ಮೇಸ್ತ್ರಿ ಲೋಟ ಕೊಟ್ಟು ಅಲ್ಲೇ ನಿಲ್ಲುತ್ತಾರೆ, ಗ್ಯಾರೇಜಿನಲ್ಲಿ ಗಿರಾಕಿ ಕೂಗುತ್ತಿದ್ದರೂ. ಬಿಸಿಲು ಇಳಿಯುವ ಹೊತ್ತಿಗೆ ತಳ ಕಾಣುತ್ತದೆ. ನೀರಿಲ್ಲ. ಮಣ್ಣಿನ ಮೇಲೆ ತೆಳ್ಳಗೆ, ಕಪ್ಪಗೆ ಜಿಡ್ಡು ಕೂತಿದೆ.

"ಇದೆಲ್ಲ ನಂದಾ?" ಮೇಸ್ತ್ರಿಯ ದನಿ ಇಳಿದಿದೆ.

"ಬೀದಿ ಪಾಲೂ ಇದೆ. ನಿಂದು ಸ್ವಲ್ಪ ಜಾಸ್ತಿ. ಬೇಕಾದ್ರೆ ಬುಟ್ಟೀಲಿ ತುಂಬಿ ಕೊಡ್ತೀನಿ."

"ಬೇಡಕ್ಕಾ. ನಾಳೆಯಿಂದ ಸೋರೋ ಎಣ್ಣೇನ ಡಬ್ಬದಲ್ಲೇ ಹಿಡೀತೀನಿ. ಕಾಂಕ್ರೀಟಿನ ಮಾತು ನಾನೆತ್ತಲ್ಲ." ಹತ್ತಿರದಿಂದ ನೋಡಲೆಂದು ಅವರು ಕಾಲು ಮುಂದಿಡುತ್ತಾರೆ.

"ಏಯ್, ಕಾಲು!"

ಮೇಸ್ತ್ರಿ ಬೆಂಕಿ ತುಳಿದವರಂತೆ ಹಿಂದೆ ಜಿಗಿಯುತ್ತಾರೆ.

ತೋಟಕ್ಕೆ ಇನ್ನೇನು ಬೇಕು ಎಂದು ಮೇಸ್ತ್ರಿ ಕೇಳಿದರೆ ತಗ್ಗಿನಕ್ಕ ಕೋಲು ಒರೆಸುತ್ತಾರೆ.

"ಇನ್ನೊಂದು ಹಲಗೆ. ನೋಡೋಕೆ ಬರೋರು ಇನ್ನು ಜಾಸ್ತಿ ಆಗ್ತಾರಲ್ಲ."