ಹದಿನಾಲ್ಕು ತಿಂಗಳ ಟೊಪಗಿ

ಇಳಕಲ್ಲಿನ ಹೊಳಬಸಪ್ಪ ಗುಡೂರನ ಮಂಚದ ಕೆಳಗೆ ಎರಡು ಕಬ್ಬಿಣದ ಟ್ರಂಕು. ಒಂದರಲ್ಲಿ ಮದುವೆಗಳಲ್ಲಿ ಆಯೇರದ ಉಡುಗೊರೆಯಾಗಿ ಬಂದ ಟಾವೆಲ್ಲು, ಬಿಳಿ ಟೊಪಗಿ. ಈ ಟೊಪಗಿಗಳನ್ನು ಯಾರೂ ಹಾಕಿಕೊಳ್ಳುವುದಿಲ್ಲ. ಮದುವೆ ಮಂಟಪದಲ್ಲಿ ಒಬ್ಬ ಇನ್ನೊಬ್ಬನ ತಲೆಯ ಮೇಲೆ ಇಡುತ್ತಾನೆ, ಫೋಟೋ ಹೊಡೆಯುತ್ತಾರೆ, ಮನೆಗೆ ಬಂದ ಮೇಲೆ ಅದು ಟ್ರಂಕು ಸೇರಿ ಮುಂದಿನ ಮದುವೆಗೆ ಕಾಯುತ್ತದೆ. ಒಂದೇ ಟೊಪಗಿ ಮುನ್ನೂರು ತಲೆ ಹತ್ತಿ ಇಳಿದು, ಅದನ್ನು ಹೊಲಿದ ದರ್ಜಿಯ ಮೊಮ್ಮಗನ ಮದುವೆಗೇ ಬಂದು ಮುಟ್ಟಿದ್ದೂ ಉಂಟು.

ಇನ್ನೊಂದು ಟ್ರಂಕಿನಲ್ಲಿ ಮೂವತ್ತೊಂದು ಮಿಲಿಟರಿ ಟೊಪಗಿ. ಪರೇಡಿಗೆ ಚೆಂದ ಕಾಣಲೆಂದು ಯಾವುದೋ ಸಾಹೇಬನ ತಲೆಯೊಳಗೆ ಹುಟ್ಟಿ, ಜವಾನರ ತಲೆಯ ಮೇಲೆ ವರ್ಷವೋ ಎರಡು ವರ್ಷವೋ ಕೂತು, ಪಲ್ಟನ್ನಿನ ಶಾಪವನ್ನೆಲ್ಲ ತಿಂದು ಸತ್ತಂಥವು. ಹದಿನೇಳು ವರ್ಷ ಚಾಕರಿ ಮಾಡಿ ಹವಾಲ್ದಾರನಾಗಿ ಮರಳಿದ ಹೊಳಬಸಪ್ಪ ಇಂಥವನ್ನು ಬಿಟ್ಟು ಬೇರೆ ಟೊಪಗಿ ಮುಟ್ಟುತ್ತಿರಲಿಲ್ಲ.

“ಛಲೋ ಟೊಪಗಿ ಇಟ್ಗೊಳ್ಳಾಕ ಸರಕಾರ ಐತಿ. ಇವಕ್ಕ ಯಾರದಾರ?” ಎನ್ನುತ್ತಿದ್ದ.

ಒಂದೊಂದಕ್ಕೂ ಒಂದೊಂದು ಗಾಯದ ಚರಿತ್ರೆ. ಒಂದಕ್ಕೆ ಗದ್ದದ ಕೆಳಗೆ ಹಿತ್ತಾಳೆ ಸರಪಳಿ. ಸಾವಧಾನ್ ಎಂದಾಕ್ಷಣ ಅದು ಹನ್ನೊಂದು ಮಂದಿಯ ಗದ್ದ ಸೀಳಿತ್ತಂತೆ. ಇನ್ನೊಂದರ ಚರ್ಮದ ಪಟ್ಟಿ ಕಪಾಳ ಹಿಂಡಿ ಹಿಂಡಿ, ಒಬ್ಬ ಸುಬೇದಾರನ ಕಿವಿ ಇವತ್ತಿಗೂ ಹಿಂದಕ್ಕೆ ತಿರುಗಿವೆಯಂತೆ. ಬೆನ್ನ ಹಿಂದೆ ಆಡಿದ ಮಾತು ಮೊದಲು ಕೇಳಿಸುತ್ತದೆಯಂತೆ. ಕೆರೂರ ಸಂತೆಯಲ್ಲಿ ಹಳೆ ಬಟ್ಟೆ ಮಾರುವ ಮುರ್ತುಜಸಾಬನ ಅಂಗಡಿಯಲ್ಲಿ ಸಿಕ್ಕಿದ್ದರೊಳಗೆ ಹ್ಯಾಂಟಿ ಕೋಳಿ ಕಾವಿಗೆ ಕೂತಿತ್ತು. ಹೊಳಬಸಪ್ಪ ಕೈ ಹಾಕಿದ, ಹ್ಯಾಂಟಿ ಅವನ ಹೆಬ್ಬೆರಳಿನ ಉಗುರು ಕಿತ್ತಿತು. ಟೊಪಗಿಯೇನೋ ಸಿಕ್ಕಿತು. ಆದರೆ ಇಂಥ ಸೈನಿಕ ತನ್ನ ಕಂಪನಿಯಲ್ಲಿ ಒಬ್ಬನೂ ಇರಲಿಲ್ಲ ಎಂದು ಆ ಹಕ್ಕಿಗೆ ಅಲ್ಲೇ ಸಲ್ಯೂಟ್ ಹೊಡೆದು ಬಂದ.

ಆದರೆ ಮೂವತ್ತೂ ಲೆಕ್ಕಕ್ಕೆ ಮಾತ್ರ. ಜೀವ ಇದ್ದದ್ದು ತಳದಲ್ಲಿ ಟಾವೆಲ್ಲಿನೊಳಗೆ ಸುತ್ತಿಟ್ಟ ಒಂದರಲ್ಲಿ.

ಅದು ಕೆಂಪು ಫೆಲ್ಟಿನ ಟೊಪಗಿ. ಎತ್ತರ ಒಂದು ಗೇಣು, ಹಣೆಗೆ ಹಿತ್ತಾಳೆ ತಗಡು. ಬೋರಲು ಹಾಕಿದ ಚರಿಗೆಯ ಆಕಾರ. ಬಯಲಕಡೆಗೆ ಹೋಗುವಾಗ ಕೈಯಲ್ಲಿ ಹಿಡಿಯುವ ನೀರಿನ ಚರಿಗೆಯದೇ ಆಕಾರ. ಮೂವತ್ತೊಂಬತ್ತು ವರ್ಷದ ಹಿಂದೆ ಸಾಹೇಬರು ಪಲ್ಟನ್ನಿನ ಒಂದೇ ಕಂಪನಿಗೆ ಅದನ್ನು ಕೊಟ್ಟರು. ಹದಿನಾಲ್ಕು ತಿಂಗಳಿಗೆ ವಾಪಸ್ ತೆಗೆದುಕೊಂಡು ಸುಟ್ಟರು. ಆ ಕಂಪನಿಯಲ್ಲಿದ್ದವನು ಹುನಗುಂದದ ವಿಜಯಮಹಾಂತೇಶ. ಹೊಳಬಸಪ್ಪ ಬೇರೆ ಕಂಪನಿ. ಇಬ್ಬರೂ ಒಂದೇ ದಿನ ಭರ್ತಿಯಾದವರು, ಒಂದೇ ತಾಟಿನಲ್ಲಿ ರೊಟ್ಟಿ ಮುರಿದವರು.

ಒಂದು ಮಧ್ಯಾಹ್ನ ವಿಜಯಮಹಾಂತೇಶ ಮೂರು ತಾಸಿನ ಪರೇಡು ಮುಗಿಸಿ, ಬೆವರು ಸುರಿಸುತ್ತ ಊಟದ ಸಾಲಿಗೆ ಬಂದ. ಹೊಳಬಸಪ್ಪನ ನಾಲಿಗೆ ತುರಿಸಿತು.

“ಯಾಕಲೇ ಮಾಂತೇಶಾ, ಚರಿಗಿ ತೆಲಿ ಮ್ಯಾಲ ಇಟ್ಗೊಂಡೀಯಲ್ಲ, ತೊಳಕೊಳ್ಳೂದು ಎಲ್ಲಿ?”

ಸಾಲಿನಲ್ಲಿದ್ದ ಕನ್ನಡದ ಹುಡುಗರು ಬಿದ್ದು ಬಿದ್ದು ನಕ್ಕರು. ಉಳಿದವರಿಗೆ ಅರ್ಥ ಹೇಳಿದ ಮೇಲೆ ಅವರೂ ನಕ್ಕರು. ಅಷ್ಟೂ ತಿಂಗಳು ಊರವರಲ್ಲದವರ ನಗೆಯನ್ನೆಲ್ಲ ನುಂಗಿದ್ದ ವಿಜಯಮಹಾಂತೇಶನಿಗೆ ಇದೊಂದು ಗಂಟಲಿಗಿಳಿಯಲಿಲ್ಲ. ಊಟದ ತಾಟನ್ನೇ ಬೀಸಿ ಹೊಳಬಸಪ್ಪನ ಬಾಯಿಗೆ ಹೊಡೆದ. ಎರಡು ಹಲ್ಲು ಬೇಳೆಯಲ್ಲಿ ಬಿದ್ದವು. ಹೊಳಬಸಪ್ಪ ಸೊಂಟದ ಪಟ್ಟಿ ಬಿಚ್ಚಿ, ಬಕಲ್ ಮುಂದೆ ಮಾಡಿ ಬೀಸಿದ. ಅದು ಹಿತ್ತಾಳೆ ತಗಡಿಗೆ ಬಡಿಯಿತು. ತಗಡು ಮಡಚಿ, ಅದರ ಅಂಚು ಹುಬ್ಬು ಸೀಳಿ ಎಡಗಣ್ಣಿಗೆ ಇಳಿಯಿತು.

ಮೊದಲನೇ ಪೆಟ್ಟು ಸಿಟ್ಟಿನದು. ಎರಡನೆಯದನ್ನು ಹೊಳಬಸಪ್ಪ ಹೊಡೆದದ್ದು ಕಣ್ಣಿನಿಂದ ರಕ್ತ ಸುರಿಯುವುದನ್ನು ನೋಡಿದ ಮೇಲೆ.

ವಿಜಯಮಹಾಂತೇಶನ ಕಣ್ಣು ಹೋಯಿತು, ನೌಕರಿ ಹೋಯಿತು. ಹೊಳಬಸಪ್ಪನಿಗೆ ಇಪ್ಪತ್ತೆಂಟು ದಿನ ಪಲ್ಟನ್ನಿನ ಜೈಲುಕೋಣೆಯ ಶಿಕ್ಷೆ. ಹೊರಗೆ ಬಂದಾಗ ಗೆಳೆಯನ ಮಂಚ ಖಾಲಿ, ಅದರ ಕೆಳಗೆ ಆ ಟೊಪಗಿ. ಸುಡುವ ರಾಶಿಗೆ ಹಾಕದೆ ಬಚ್ಚಿಟ್ಟುಕೊಂಡ. ಅಂದಿನಿಂದ ಹುನಗುಂದದ ನೆಲಕ್ಕೆ ಕಾಲಿಟ್ಟಿರಲಿಲ್ಲ. ಇಳಕಲ್ಲಿನಿಂದ ಹುನಗುಂದ ಒಂದು ಬೀಡಿಯ ಹಾದಿ. ಬಾಗಲಕೋಟೆಯ ಬಸ್ಸು ಅಲ್ಲಿ ನಿಂತಾಗಲೆಲ್ಲ ಮುಖಕ್ಕೆ ಟಾವೆಲ್ಲು ಹೊದ್ದು, ಗೊರಕೆ ಹೊಡೆದಂತೆ ಮಾಡುತ್ತಿದ್ದ. ಟೊಪಗಿಯ ಒಳಪಟ್ಟಿಯಲ್ಲಿ ಒಣಗಿ ಕಪ್ಪಾಗಿದ್ದ ರಕ್ತದ ಕಲೆಯನ್ನು ಮಾತ್ರ ಅಮಾವಾಸ್ಯೆಗೊಮ್ಮೆ ತೆಗೆದು ನೋಡುತ್ತಿದ್ದ. ಯಾರಿಗೂ ತೋರಿಸಿದವನಲ್ಲ, ಒಮ್ಮೆಯೂ ತಲೆಗಿಟ್ಟವನಲ್ಲ. ಮನೆಗೆ ಬೆಂಕಿ ಬಿದ್ದರೆ ಹೆಂಡತಿಗಿಂತ ಮೊದಲು ಅದನ್ನು ಹೊರಗೆ ತರುತ್ತಿದ್ದ, ಇದು ಆ ಗಂಟನ್ನು ಎಂದೂ ಬಿಚ್ಚಿ ನೋಡದ ಹೆಂಡತಿಗೂ ಗೊತ್ತಿತ್ತು.

ಹೋದ ಅಮಾವಾಸ್ಯೆಗೆ ಹಳೆಯ ಟಾವೆಲ್ಲು ಹರಿದಿತ್ತೆಂದು ಪಕ್ಕದ ಟ್ರಂಕಿನಿಂದ ಆಯೇರದ ಹೊಸ ಟಾವೆಲ್ಲು ತೆಗೆದು ಸುತ್ತಿದ. ಅಷ್ಟರಲ್ಲಿ ಯಾರೋ ಕರೆದರು, ಗಂಟನ್ನು ಮಂಚದ ಮೇಲೆ ಬಿಟ್ಟು ಹೋದ. ಮರುದಿನ ಬಾದಾಮಿಯಲ್ಲಿ ಹೆಂಡತಿ ಗುರುಲಿಂಗವ್ವನ ತಂಗಿಯ ಮಗಳ ಮದುವೆ. ಹೊಸ ಟಾವೆಲ್ಲು, ಅದರೊಳಗೆ ಟೊಪಗಿ: ಗಂಡ ಆಯೇರ ತಯಾರು ಮಾಡಿಟ್ಟಿದ್ದಾನೆ, ಮದುವೆಯಾದ ಇಷ್ಟು ವರ್ಷದಲ್ಲಿ ಒಂದಾದರೂ ಕೆಲಸ ಮಾಡಿದ ಎಂದು ಗುರುಲಿಂಗವ್ವ ಖುಷಿಪಟ್ಟು, ಬಿಚ್ಚಿ ನೋಡದೆ ಮೇಲೊಂದು ತೆಂಗಿನಕಾಯಿ ಇಟ್ಟು ಚೀಲಕ್ಕೆ ಹಾಕಿದಳು. ಗಂಡ ಮರಳಿದಾಗ ಮಂಚ ಖಾಲಿ, ಟ್ರಂಕಿಗೆ ಇಟ್ಟೇ ಹೋಗಿದ್ದೆನೆಂದುಕೊಂಡ.

ಬಾದಾಮಿಯ ಮಂಟಪದಲ್ಲಿ ಅಕ್ಷತೆ ಮುಗಿಯಿತು. ಮೈಕಿನಲ್ಲಿ ಆಯೇರದ ಹೆಸರು ಕೂಗಿದರು. ಹುಡುಗಿಯ ದೊಡ್ಡಪ್ಪ ಹೊಳಬಸಪ್ಪ, ಹುಡುಗನ ಕಾಕಾ ಅಮರೇಶನಿಗೆ ಆಯೇರ ಮಾಡಬೇಕು. ಈ ಅಮರೇಶ ಕೆರೂರಿನವನು. ಅವನ ಮೀಸೆಯ ಮೇಲೆ ಎರಡು ನಿಂಬೆಹಣ್ಣು ಒತ್ತಟ್ಟಿಗಿರಲಿ, ಎರಡು ಎಮ್ಮೆ ಕಟ್ಟಬಹುದಿತ್ತು. ಹಿಂದೆ ನಿಂತ ಹುಡುಗನೊಬ್ಬ ಚೀಲದಿಂದ ಒಂದೊಂದೇ ತೆಗೆದು ಕೊಟ್ಟಂತೆ ಹೊಳಬಸಪ್ಪ ಅವನಿಗೆ ವಿಭೂತಿ ಹಚ್ಚಿದ, ಕಾಯಿ ಕೊಟ್ಟ, ಟಾವೆಲ್ಲು ಹೆಗಲಿಗೇರಿಸಿದ. ಫೋಟೋದವನು “ಈ ಕಡೆ ನೋಡ್ರಿ” ಎಂದ. ಕ್ಯಾಮೆರಾ ನೋಡುತ್ತ ನಗುತ್ತ, ಕೈಗೆ ಸಿಕ್ಕಿದ ಟೊಪಗಿಯನ್ನು ಬೀಗನ ತಲೆಗೆ ಗಟ್ಟಿಯಾಗಿ ಒತ್ತಿದ.

ಮಂಟಪವೆಲ್ಲ ಕತ್ತೆತ್ತಿ ನೋಡಿತು. ಆಮೇಲೆ ಹಿಂದಿನಿಂದ ಒಬ್ಬಳು ಮುದುಕಿ ಅಂದಳು:

“ಅಯ್ಯ ಶಿವನ! ಬೀಗರ ತೆಲಿಗೆ ಚರಿಗಿ ಡಬ್ಬ ಹಾಕ್ಯಾರಲ್ರೆ!”

ಸಾವಿರ ಮಂದಿ ನಕ್ಕ ಸದ್ದಿಗೆ ಬಾದಾಮಿಯ ಗುಡ್ಡದ ಮಂಗಗಳೆಲ್ಲ ಬನಶಂಕರಿಯ ದಾರಿ ಹಿಡಿದವಂತೆ. ಹೊಳಬಸಪ್ಪ ತಿರುಗಿ ನೋಡಿದ. ಕೆಂಪು ಟೊಪಗಿ, ಮಡಚಿದ ತಗಡು. ಬೀಗ, ಮದುವೆ, ಮರ್ಯಾದೆ ಎಲ್ಲ ಮರೆತು, ಎರಡೂ ಕೈಯಿಂದ ಬೀಗನ ತಲೆಯ ಮೇಲಿನದನ್ನು ಕಿತ್ತುಕೊಂಡ.

ಆಯೇರದಲ್ಲಿ ಗೇಲಿ ಮಾಡಿದ್ದನ್ನು ಕೆರೂರಿನವರು ಹಲ್ಲು ಕಚ್ಚಿ ನುಂಗುತ್ತಿದ್ದರೇನೋ. ಇಟ್ಟ ಟೊಪಗಿಯನ್ನು ಸಭೆಯಲ್ಲಿ ಇಳಿಸಿದ್ದನ್ನು ಹೇಗೆ ನುಂಗುವುದು?

“ತೆಲಿಗೆ ಕೈ ಹಾಕ್ತೀ ಏನಲೇ ಮಗನ!” ಎಂದು ಅಮರೇಶ ಕೈಯಲ್ಲಿದ್ದ ಆಯೇರದ ಕಾಯಿಯಿಂದಲೇ ಹೊಳಬಸಪ್ಪನ ನೆತ್ತಿಗೆ ಹೊಡೆದ. ಕಾಯಿ ಒಡೆದು ಎರಡು ಹೋಳಾಯಿತು, ನೆತ್ತಿಯೂ ಹೆಚ್ಚುಕಡಿಮೆ ಹಾಗೇ. ನೀರು ಯಾವುದು, ರಕ್ತ ಯಾವುದು ತಿಳಿಯಲಿಲ್ಲ. ಹೊಳಬಸಪ್ಪ ಟೊಪಗಿ ಬಿಡಲಿಲ್ಲ. ಅದನ್ನು ಹೊಟ್ಟೆಗೆ ಅವಚಿಕೊಂಡೇ ತಲೆಯಿಂದ ಗುದ್ದಿ ಅಮರೇಶನ ಮುಂದಿನ ನಾಲ್ಕು ಹಲ್ಲು ಕೆಡವಿದ. ಹುಡುಗನ ಕಡೆಯವರು ಕುರ್ಚಿ ಎತ್ತಿದರು. ಹುಡುಗಿಯ ಕಡೆಯವರು ಹುಗ್ಗಿ ತಿರುವುವ ಹುಟ್ಟು ಎತ್ತಿದರು. ಕುದಿಯುವ ಸಾರಿನ ಬೋಗುಣಿ ಉರುಳಿ ಮೂವರ ಕಾಲು ಬೆಂದವು. ಒಬ್ಬನ ಮುಂಗೈ ಮುರಿದ ಸದ್ದು ಮೈಕಿನಲ್ಲಿ ಕೇಳಿಸಿತು. ಗುರುಲಿಂಗವ್ವ ಕಾಯಿಹೋಳು ಹಿಡಿದು ಗಂಡನ ಸುತ್ತ ಬಂದವರ ಮೊಣಕೈ ಮೊಣಕಾಲು ನೋಡದೆ ಕುಟ್ಟಿದಳು. ಗುರಿ ತಪ್ಪಿ ಎರಡು ಪೆಟ್ಟು ಗಂಡನಿಗೂ ಬಿದ್ದವು. ತಪ್ಪಿದವೋ ಇಲ್ಲವೋ ಅವಳೇ ಹೇಳಬೇಕು. ನಾಲ್ವರು ಹೊಳಬಸಪ್ಪನ ಪಕ್ಕೆ ತುಳಿದರು. ಎರಡು ಎಲುಬು ಸೀಳಿದ ಮೇಲೆ ಅವನ ಬೆರಳು ಸಡಿಲವಾದವು, ಟೊಪಗಿ ಅಮರೇಶನ ಪಾಲಾಯಿತು.

ದವಾಖಾನೆಯಲ್ಲಿ ಇಬ್ಬರಿಗೂ ಅಕ್ಕಪಕ್ಕದ ಮಂಚ. ಒಬ್ಬನ ತಲೆಗೆ ಹೊಲಿಗೆ, ಒಬ್ಬನ ಬಾಯಿಗೆ ಹತ್ತಿ. ಅಮರೇಶನ ಎದೆಯ ಮೇಲೆ ಟೊಪಗಿ.

“ಕೊಡ್ರಿ ಬೀಗರ, ಕಾಲ ಹಿಡೀತೇನಿ,” ಎಂದ ಹೊಳಬಸಪ್ಪ.

“ಆಯೇರ ಮಾಡಿದ್ದನ್ನ ತಿರುಗಿ ಬೇಡಾಂವನ್ನ ನಾ ಹುಟ್ಟಿದಾಗಿಂದ ನೋಡಿಲ್ಲ. ಕೊಟ್ಟದ್ದು ನಂದು.” ಹಲ್ಲಿಲ್ಲದ ಬಾಯಿಂದ ಮಾತು ಗಾಳಿಯಂತೆ ಹೊರಟಿತು. “ಇದರ ಸಂಬಂಧ ಸಾಯಾಕ ತಯಾರಾಗಿದ್ರಲ್ಲ, ಒಳಗ ಏನೈತ್ರಿ? ಬಂಗಾರೇನು?”

ಹೊಳಬಸಪ್ಪ ಮೂವತ್ತೆಂಟು ವರ್ಷ ಯಾರಿಗೂ ಹೇಳದ್ದನ್ನು ತನ್ನ ನೆತ್ತಿ ಒಡೆದವನಿಗೆ ಹೇಳಿದ. ಎರಡನೇ ಪೆಟ್ಟಿನದನ್ನೂ ಬಿಡದೆ ಹೇಳಿದ. ಅಮರೇಶ ಒಳಪಟ್ಟಿ ತಿರುವಿ ಕಲೆ ನೋಡಿದ.

“ಹಂಗಾರ ಇದು ನಂದೂ ಅಲ್ಲ, ನಿಮ್ಮದೂ ಅಲ್ಲ.”

“ಬ್ಯಾಡ್ರಿ.”

“ನನ್ನ ಆಯೇರ. ನಾ ಯಾರಿಗರ ಮಾಡ್ತೇನಿ. ಮುಂಜಾನೆ ಹುನಗುಂದಕ್ಕ ನಡೀರಿ. ಬರೂದಿಲ್ಲಂದ್ರ ಒಬ್ಬನ ಹೋಗಾಂವ.”

ಟೊಪಗಿ ಹೋದ ಕಡೆ ಹೊಳಬಸಪ್ಪ ಹೋಗಲೇಬೇಕಾಯಿತು. ಬಸ್ಸಿನಲ್ಲಿ ಗುಳೇದಗುಡ್ಡ ದಾಟುವವರೆಗೂ ಬೇಡಿದ, ಆಮೇಲೆ ಬೈದ. ಅಮೀನಗಡದಲ್ಲಿ ಅಮರೇಶ ಇಳಿದು ಕರದಂಟು ಕೊಂಡ. ಬರಿಗೈಯಲ್ಲಿ ಒಬ್ಬರ ಮನೆಗೆ ಹೋಗಬಾರದು ಎಂದ. ಇಬ್ಬರ ಬಾಯಲ್ಲೂ ಅದನ್ನು ಕಡಿಯುವ ಹಲ್ಲಿರಲಿಲ್ಲ.

ಹುನಗುಂದದಲ್ಲಿ ವಿಜಯಮಹಾಂತೇಶನಿಗೆ ಹಿಟ್ಟಿನ ಗಿರಣಿ. ಸ್ನಾನ ಮಾಡಿ ಲಿಂಗಪೂಜೆಗೆ ಕೂಡಬೇಕೆಂದು ಬಚ್ಚಲ ಒಲೆಗೆ ಉರಿ ಹಾಕಿ, ಹಂಡೆಯ ನೀರು ಕಾಯಿಸುತ್ತಿದ್ದ. ಮೈಯೆಲ್ಲ ಹಿಟ್ಟು, ಎಡಗಣ್ಣಿನ ಜಾಗದಲ್ಲಿ ಹೊಲಿದ ಚರ್ಮ. ಬಾಗಿಲಲ್ಲಿ ನಿಂತ ಹೊಳಬಸಪ್ಪನನ್ನು ಒಂದೇ ಕಣ್ಣಿನಿಂದ ಗುರುತು ಹಿಡಿದ. ಅಮರೇಶ ತಾನು ಯಾರೆಂದು ಹೇಳಿ, ಕ್ರಮವಾಗಿ ಟಾವೆಲ್ಲು ಹೊದಿಸಿ, ಟೊಪಗಿಯನ್ನು ತಲೆಗಿಡದೆ ಅವನ ಕೈಗಿಟ್ಟ.

ವಿಜಯಮಹಾಂತೇಶ ಹೆಬ್ಬೆರಳಿನಿಂದ ತಗಡಿನ ಅಂಚು ಸವರಿದ.

“ಇದನ್ನ ನೀ ಇಟ್ಕೊಂಡಿದ್ಯಾ?”

“ಹೂಂ.”

“ಯಾಕ?”

“ಬಿಸಾಕಾಕ ಮನಸ ಆಗ್ಲಿಲ್ಲೋ ಮಾಂತೇಶಾ.”

“ಟೊಪಗಿ ಬಿಸಾಕಾಕ ಮನಸ ಆಗ್ಲಿಲ್ಲ. ಒಂದ ದಿನ ನನ್ನ ನೋಡಾಕ ಬರಾಕ ಮನಸ ಆಗ್ಲಿಲ್ಲೇನಲೇ?”

ಎಂದವನೇ ಗಿರಣಿಯ ಕಲ್ಲು ಎತ್ತುವ ಕೈಯಿಂದ ಕಪಾಳಕ್ಕೆ ಹೊಡೆದ. ಅದರ ಸದ್ದಿಗೆ ಇಳಕಲ್ಲಿನಲ್ಲಿ ಮಗ್ಗಗಳು ಒಂದು ಎಳೆ ತಪ್ಪಿದವೆಂದು ಅಮರೇಶ ಈಗಲೂ ಆಣೆ ಮಾಡುತ್ತಾನೆ. ಹೊಳಬಸಪ್ಪ ಗೋಡೆಗೆ ಬಿದ್ದ, ತಲೆಯ ಹೊಲಿಗೆ ಬಿಚ್ಚಿಕೊಂಡಿತು. ಏಳುವಷ್ಟರಲ್ಲಿ ಎರಡನೆಯದೂ ಬಿತ್ತು. ಆಮೇಲೆ ವಿಜಯಮಹಾಂತೇಶ ಟೊಪಗಿಯನ್ನು ಒಲೆಯೊಳಗೆ ತುರುಕಿದ.

ಹೊಳಬಸಪ್ಪ ಚೀರಿ ಬೆಂಕಿಗೆ ಕೈ ಹಾಕಿದ. ಬೆರಳ ತುದಿ ಚುರುಗುಟ್ಟಿ ಬೊಬ್ಬೆ ಬಂದವು. ವಿಜಯಮಹಾಂತೇಶ ಅವನ ಕುತ್ತಿಗೆ ಹಿಡಿದು ಹಿಂದಕ್ಕೆ ಎಳೆದು, ಒಲೆಯ ಎದುರು ಕೂಡಿಸಿ, ಬಿಡದೆ ಹಿಡಿದುಕೊಂಡ. ಫೆಲ್ಟು ಸುಟ್ಟ ಕೂದಲಿನ ವಾಸನೆ ಹೊಡೆಯಿತು. ಒಳಪಟ್ಟಿಗೆ ಉರಿ ಮುಟ್ಟಿತು. ತಗಡು ಬೂದಿಗೆ ಬಿತ್ತು. ಹೊಳಬಸಪ್ಪ ಒದ್ದಾಡುವುದನ್ನು ನಿಲ್ಲಿಸಿದ ಮೇಲೂ ಆ ಕೈ ಕುತ್ತಿಗೆಯ ಮೇಲೇ ಇತ್ತು, ಹಿಡಿತ ಮಾತ್ರ ಇರಲಿಲ್ಲ.

ಒಳಗಿನಿಂದ ವಿಜಯಮಹಾಂತೇಶನ ಹೆಂಡತಿ ಶಿವಗಂಗಾ ಬಂದು, ರಕ್ತ ಸುರಿಸುತ್ತ ಕೂತ ಪರ ಊರಿನವನನ್ನು ನೋಡಿ, “ಯಾರ್ರೀ ಇವ್ರು?” ಎಂದಳು.

“ನಮ್ಮಾಂವ,” ಎಂದ ವಿಜಯಮಹಾಂತೇಶ. ಹಂಡೆಯೊಳಗೆ ಕೈ ಅದ್ದಿ ನೋಡಿದ. “ನೀರ ಇನ್ನಾ ಕಾದಿಲ್ಲ. ಇಂಥಾವು ಇನ್ನ ಎಷ್ಟ ಅದಾವಲೇ ನಿನ್ನ ಕಡೆ?”

“ಮೂವತ್ತು.”

“ನಾಳೆ ತಗೊಂಡ ಬಾ.”

ಹೊಳಬಸಪ್ಪ ಸುಟ್ಟ ಬೆರಳುಗಳಿಂದಲೇ ಒಂದು ಕಟ್ಟಿಗೆ ಎತ್ತಿ ಉರಿಯೊಳಗೆ ತಳ್ಳಿದ.